ಎಸೆಯೋ ಕತ್ತಿ, ನೇತಾಡೋ ಕತ್ತಿ

ಶಂಕ್ರಣ್ಣ ಬ್ರಸೆಲ್ಸ್‌ಗೆ ಬಂದದ್ದು ಕಂಪ್ಯೂಟರ್ ಕೆಲಸಕ್ಕೆ. ಹಿಡಿದದ್ದು ಕತ್ತಿ. ಊರಿನ ಹಳೇ ಸಾಮಾನಿನ ಸಂತೆಯಲ್ಲಿ ಅಡ್ಡಾಡಿ ಅಡ್ಡಾಡಿ, ಮಧ್ಯ ಆಫ್ರಿಕಾದ ಎಸೆಯೋ ಕತ್ತಿಗಳ ಹುಚ್ಚು ಹತ್ತಿಸಿಕೊಂಡ. ಈಗ ಅವನ ಮನೆಗೆ ಊಟಕ್ಕೆ ಹೋದರೆ ಕೈ ತೊಳೆಯೋ ಮೊದಲೇ ಗೋಡೆ ನೋಡಬೇಕು.

"ಇದು ಕ್ಪಿಂಗಾ. ಅಜಾಂದೆ ಜನರದ್ದು. ದಕ್ಷಿಣ ಸುಡಾನ್, ಉತ್ತರ ಕಾಂಗೊ ಕಡೆಯವರು" ಅಂದ.

ಪಾಪಸುಕಳ್ಳಿಗೆ ಹೊಸ ಎಲೆ ಒಡೆದ ಹಾಗೆ ಒಂದು ಕಬ್ಬಿಣದ ಮೈಯಿಂದ ಅತ್ತೊಂದು ಇತ್ತೊಂದು ಅಲಗು ಚಾಚಿಕೊಂಡಿತ್ತು. ರಮೇಶ ತಲೆ ಓರೆ ಮಾಡಿ ನೋಡಿದ. "ಇಷ್ಟೊಂದು ಅಲಗು ಯಾಕೆ ಮಾರಾಯ?"

"ಸಾದಾ ಚಾಕು ಎಸೆದರೆ ತಿರುಗುತ್ತಾ ಹೋಗುತ್ತೆ. ಹಿಡಿ ತಾಗಿದರೆ ಎದುರಿನವನಿಗೆ ಬರೀ ಗುದ್ದು. ಇದು ಹಾಗಲ್ಲ. ಹೇಗೆ ತಿರುಗಿ ಬಂದರೂ ಒಂದಲ್ಲ ಒಂದು ಕಡೆ ಕಚ್ಚುತ್ತೆ."

"ಧೂಳು ಒರೆಸೋರನ್ನೂ ಕಚ್ಚುತ್ತೆ" ಅಂತ ಅಡುಗೆಮನೆಯಿಂದ ಗಿರಿಜಕ್ಕ.

ಅಜಾಂದೆ ಯೋಧರು ಬೆತ್ತದ ಗುರಾಣಿಯ ಒಳಮೈಗೆ ಇಂಥವನ್ನು ಸಿಕ್ಕಿಸಿಕೊಂಡು ಹೋಗುತ್ತಿದ್ದರಂತೆ. ರಮೇಶನಿಗೆ ಲೆಕ್ಕದ್ದೇ ಚಿಂತೆ. "ಕಮ್ಮಾರ ಇಷ್ಟು ಕಷ್ಟಪಟ್ಟು ಬಡಿದಿರ್ತಾನೆ. ಎಸೆದ ಮೇಲೆ ವಾಪಸ್ ತರೋರು ಯಾರು? ಶತ್ರುಗೆ ಪುಕ್ಕಟೆ ಕಬ್ಬಿಣ ಅಲ್ವಾ?"

ಶಂಕ್ರಣ್ಣ ಕೇಳಿಸದವನ ಹಾಗೆ ಮುಂದಿನದಕ್ಕೆ ಹೋದ. ಅದು ಹಕ್ಕಿಯ ತಲೆ, ದೊಡ್ಡ ಕೊಕ್ಕು. ಗಬಾನಿನ ಕೋಟಾ, ಫಾಂಗ್ ಜನರದ್ದು.

"ಇದನ್ನು ಹೇಗೆ ಎಸೀತಾರೆ?"

"ಎಸೆಯೋದಿಲ್ಲ. ಕೈಯಲ್ಲಿ ಹಿಡಿಯೋದು. ಆಚರಣೆಗೆ."

"ಮತ್ತೆ ಅದು?" ಕುಡುಗೋಲಿನ ಬಾಗು, ಚೆಂದದ ಹಿಡಿ.

"ಕಾಂಗೊದ ಮಾಂಗ್ಬೆಟು ಜನರದ್ದು. ಅದೂ ಎಸೆಯೋದಿಲ್ಲ, ಅಂತಸ್ತಿಗೆ. 1870ರಲ್ಲಿ ಶ್ವೈನ್‌ಫುರ್ಟ್ ಅನ್ನೋ ಜರ್ಮನ್ ಪ್ರವಾಸಿ ಅವರ ರಾಜ ಮುನ್ಜಾನ ಆಸ್ಥಾನಕ್ಕೆ ಹೋದಾಗ, ರಾಜನ ಕೈಯಲ್ಲಿ ಇಂಥದ್ದೇ ಇತ್ತು. ಅಪ್ಪಟ ತಾಮ್ರದ್ದು."

"ತಾಮ್ರದ ಕತ್ತೀಲಿ ಬಾಳೆಹಣ್ಣೂ ಸರಿಯಾಗಿ ಕುಯ್ಯೋಕಾಗಲ್ಲ" ಅಂದೆ ನಾನು.

"ರಾಜ ಯಾಕೆ ಕುಯ್ಯಬೇಕು? ಕುಯ್ಯೋಕೆ ಜನ ಇರ್ತಾರೆ."

ಮೂಲೆಯದು ಸುಡಾನಿನಲ್ಲಿ ಮಹದಿ ಅನ್ನೋ ಧರ್ಮನಾಯಕ ಕಟ್ಟಿದ ಪಡೆಯ ಕಾಲದ್ದು. ಮೈ ತುಂಬ ಅರಬ್ಬಿ ಅಕ್ಷರ. 1898ರಲ್ಲಿ ಆ ಪಡೆಯ ಮೇಲೆ ಓಮ್‌ಡುರ್ಮಾನ್ ಯುದ್ಧ ಗೆದ್ದ ಬ್ರಿಟಿಷರು ಇಂಥವನ್ನು ನೆನಪಿಗೆ ಅಂತ ಹೊತ್ತುಕೊಂಡು ಹೋದರು. ಇದರ ಅಂಚು ಮೊಂಡು, ಬರೀ ಮೆರವಣಿಗೆಗೆ. ಇಲ್ಲೊಂದು ತಮಾಷೆ ಇದೆ. ಅಸಲಿ ಯಾವುದು, ನಕಲಿ ಯಾವುದು ಅಂತ ನೋಡೋಕೆ ಶಂಕ್ರಣ್ಣ ಮೊದಲು ದಪ್ಪ ಮುಟ್ಟಿ ನೋಡುತ್ತಾನೆ. ಸುತ್ತಿಗೆಯಲ್ಲಿ ಬಡಿದದ್ದು ಅಂಚಿಗೆ ಹೋಗ್ತಾ ತೆಳ್ಳಗಾಗುತ್ತೆ. ಮೇಲೆ ಪೆಟ್ಟಿನ ಗುರುತು ಏರುಪೇರಾಗಿ ಇರುತ್ತೆ. ಒಂದೇ ದಪ್ಪದ ತಗಡು ಕತ್ತರಿಸಿದ್ದಾದರೆ ಹೊಸದು ಅಂತ ಅನುಮಾನ. ಆದರೆ ಮಹದಿ ಕಾಲದವರು ಅಸಲಿಯನ್ನೇ ತಗಡಿನಲ್ಲಿ ಕತ್ತರಿಸಿದ್ದರು! ಉಪ್ಪುನೀರಲ್ಲಿ ನೆನೆಸಿ ತುಕ್ಕು ಹಿಡಿಸೋರ ಕಾಟ ಬೇರೆ. ನನ್ನ ಕೇಳಿದರೆ ಹಿಡಿ ನೋಡೋದೇ ವಾಸಿ. ತಲೆಮಾರುಗಟ್ಟಲೆ ಅಂಗೈ ಜಿಡ್ಡು ಕುಡಿದ ಚರ್ಮದ ಬಣ್ಣ ಡಬ್ಬಿಯಲ್ಲಿ ಸಿಗೋದಿಲ್ಲ.

ರಮೇಶ ಬೆರಳು ಮಡಚಿ ಲೆಕ್ಕ ಹಾಕಿದ. "ಅಂದ್ರೆ ಇಡೀ ಗೋಡೇಲಿ ಎಸೆಯೋದು ಒಂದೇ?"

"ಎಸೆದಿದ್ರೆ ಗೋಡೆಗೆ ಬರ್ತಿತ್ತಾ? ಯಾವುದೋ ಹುಲ್ಲಲ್ಲಿ ಬಿದ್ದು ಮಣ್ಣಾಗ್ತಿತ್ತು. ಉಳಿದಿರೋದೇ ಎಸೆಯದೆ ಇದ್ದದ್ದು." ವಾದ ಕೇಳೋಕೆ ಚೆನ್ನಾಗಿತ್ತು. "ಆದ್ರೆ ಅಂಗಡಿಯವನು ಹಾಗೆ ಹೇಳಿದ್ರೆ ಯಾರು ತಗೋತಾರೆ? ಎಲ್ಲಕ್ಕೂ ಎಸೆಯೋ ಕತ್ತಿ ಅಂತಾನೆ. ಕಾಂಗೊದ ನ್ಗೊಂಬೆ ಜನರ ಕತ್ತಿ ಬಂದರೆ ತಲೆ ಕಡಿಯೋ ಕತ್ತಿ ಅಂತಾನೆ. ಅವರು ಅದನ್ನು ಹಿಡಿದು ಕುಣೀತಿದ್ದದ್ದನ್ನು ಹೇಳೋದೇ ಇಲ್ಲ. ಕುಣಿತಕ್ಕೆ ರೇಟ್ ಕಡಿಮೆ."

"ಅಂಗಡಿಯವನಿಗೆ ಕೊಟ್ಟೋರು ಯಾರು?" ಅಂದೆ.

"ಹಳೇ ಬೆಲ್ಜಿಯನ್ ಮನೆತನಗಳು. ಅಜ್ಜ ಕಾಂಗೊದಲ್ಲಿ ಅಧಿಕಾರಿ ಆಗಿದ್ದ ಅಂತೆ."

"ಅಜ್ಜನಿಗೆ ಯಾರು ಕೊಟ್ಟರು?"

"ಆ ರಸೀದಿ ಯಾರ ಹತ್ತಿರಾನೂ ಇಲ್ಲ."

1885ರಿಂದ 1908ರವರೆಗೆ ಕಾಂಗೊ ಅನ್ನೋದು ಬೆಲ್ಜಿಯಂನ ಲಿಯೊಪೋಲ್ಡ್ ರಾಜನ ಸ್ವಂತ ಆಸ್ತಿ. ಅಂಥ ಕಡೆ 'ಕೊಟ್ಟರು' ಅನ್ನೋದನ್ನು ನಾನಂತೂ ಸುಲಭಕ್ಕೆ ನಂಬೋದಿಲ್ಲ.

"ಇಲ್ಲೇ ಪಕ್ಕದ ಟೆರ್ವುರೆನ್ ಮ್ಯೂಸಿಯಂನಲ್ಲೂ ಆಫ್ರಿಕಾದ್ದು ಬೇಕಾದಷ್ಟಿದೆ" ಅಂತ ಗಿರಿಜಕ್ಕ ಚಟ್ನಿ ತಂದಿಟ್ಟರು. "ಟಿಕೆಟ್ ತಗೊಂಡು ನೋಡ್ಕೊಂಡು ಬರಬಹುದು. ಧೂಳು ಅವರೇ ಒರೆಸ್ತಾರೆ."

ಶಂಕ್ರಣ್ಣ ಮಾತು ತಿರುಗಿಸಲು ಒಂದು ಅಗಲದ ಕಬ್ಬಿಣ ಇಳಿಸಿದ. ಗಬಾನ್, ಕಾಂಗೊ ಕಡೆಯ ಕ್ವೇಲೆ ಜನರದ್ದು. ಆಕಾರ ಎಸೆಯೋ ಕತ್ತಿಯದ್ದೇ. ಹರಿತ ಮಾತ್ರ ಇಲ್ಲ. "ಇದು ದುಡ್ಡು. ಹೆಣ್ಣಿನ ಕಡೆಯವರಿಗೆ ತೆರ ಕೊಡ್ತಿದ್ದದ್ದು ಇದರಲ್ಲೇ. ಚಾಡ್‌ನ ಸಾರಾ ಜನರಲ್ಲೂ ಇಂಥದ್ದಿತ್ತು."

"ನಮ್ಮಪ್ಪನಿಗೆ ಎಷ್ಟು ಕೊಟ್ಟಿದ್ರಿ?" ಅಂದರು ಗಿರಿಜಕ್ಕ.

ರಮೇಶನಿಗೆ ದುಡ್ಡು ಅಂದ ಕೂಡಲೇ ಏನೋ ಹೊಳೆಯಿತು. "ಶಂಕ್ರಣ್ಣ, ಯುಗಾದಿಗೆ ಇಸ್ಕೊಂಡ ಇನ್ನೂರು ಯೂರೊ..."

ಶಂಕ್ರಣ್ಣ ಒಂದು ಗಳಿಗೆ ಯೋಚಿಸಿ, ಆ ಕಬ್ಬಿಣವನ್ನೇ ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದ. "ತಗೋ. ಮಿಕ್ಕಿದ್ದು ವಾಪಸ್ ಕೊಡು."