ಅಪ್ಪೆಮಿಡಿ ಉಪ್ಪಿನಕಾಯಿ ಸೈಟ್ ಗೂಗಲ್‌ನಲ್ಲಿ ಕಾಣ್ತಾನೇ ಇಲ್ಲ, ಏನು ಮಾಡೋದು?

ಸಾಗರದ ಮಗಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಮ್ಮ, ದೊಡ್ಡಮ್ಮ ಸೇರಿ ಅಪ್ಪೆಮಿಡಿ (ಪರಿಮಳದ ಮಾವಿನ ಮಿಡಿ) ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ಹೋದ ವರ್ಷ ವೆಬ್‌ಸೈಟ್ ಮಾಡಿಸಿದೆವು. ನಮ್ಮ ಬ್ರ್ಯಾಂಡ್ ಹೆಸರು ಇಂಗ್ಲಿಷ್‌ನಲ್ಲಿ ಹಾಕಿದರೆ ಮುಖಪುಟ ಬರುತ್ತದೆ. ಆದರೆ 'ಅಪ್ಪೆಮಿಡಿ ಉಪ್ಪಿನಕಾಯಿ', 'ಜೀರಿಗೆ ಮಿಡಿ' (ಅದರದೇ ಒಂದು ತಳಿ) ಅಂತ ಕನ್ನಡದಲ್ಲಿ ಹುಡುಕಿದರೆ ಎಷ್ಟು ಕೆಳಗೆ ಹೋದರೂ ನಮ್ಮದು ಇಲ್ಲ. ಬರಹ ಚೆನ್ನಾಗಿಯೇ ಇದೆ. ದೊಡ್ಡಪ್ಪ ಹಿಂದೆ ಕರಪತ್ರಕ್ಕೆ ಅಂತ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದನ್ನೇ ಹಾಕಿದ್ದೇವೆ. ದರಪಟ್ಟಿ ಫೋಟೋ ಆಗಿದೆ. ಈಗ ಯಾರೋ ಫೋನ್ ಮಾಡಿ, 20 ಸಾವಿರ ಕೊಟ್ಟರೆ ಒಂದು ತಿಂಗಳಲ್ಲಿ ಮೊದಲ ಸ್ಥಾನ ಗ್ಯಾರಂಟಿ, 500 ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಲಿಂಕ್) ಕೊಡುತ್ತೇವೆ ಅನ್ನುತ್ತಿದ್ದಾರೆ. ಕೊಡಬಹುದಾ? ಅಮ್ಮನಿಗೆ ಅದು ದೊಡ್ಡ ದುಡ್ಡು.

ಶಿರಸಿ ಪೇಟೆಯವ:

ಕೊಡಬೇಡಿ ತಂಗಿ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಆಗದು ಅಂತ ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿದೆ. ದುಡ್ಡು ಕೊಟ್ಟು ಸ್ಥಾನ ಏರಿಸಲು ಲಿಂಕ್ ಕೊಳ್ಳುವುದು ಅವರ ನಿಯಮಕ್ಕೆ ವಿರುದ್ಧ. 2012ರಲ್ಲಿ ಸ್ಥಾನ ಕೊಡುವ ಲೆಕ್ಕಾಚಾರದಲ್ಲಿ 'ಪೆಂಗ್ವಿನ್' ಅನ್ನುವ ಬದಲಾವಣೆ ತಂದಾಗ ಇಂಥ ಲಿಂಕುಗಳನ್ನೇ ನೆಚ್ಚಿಕೊಂಡಿದ್ದ ಸೈಟುಗಳು ಕೆಳಗೆ ಬಿದ್ದವು.

ನಾನು ಈ ಕಡೆಯ ಸಣ್ಣ ವ್ಯಾಪಾರಿಗಳ ಸೈಟು ನೋಡಿಕೊಳ್ಳುತ್ತೇನೆ. ನುಡಿಯಲ್ಲಿ ಟೈಪ್ ಮಾಡಿದ್ದು ಅಂದಿರಲ್ಲ, ನನಗೆ ಅನುಮಾನ ಅಲ್ಲೇ. ಸೈಟಿನ ಯಾವುದಾದರೂ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ ನೋಡಿ. ಕನ್ನಡವೇ ಹೋದರೆ ಸರಿ. ಹಳೆಯ ನುಡಿ ಫಾಂಟಿನದಾದರೆ 'ಕನ್ನಡ' ಅನ್ನುವ ಪದವೇ ಇಂಗ್ಲಿಷ್ 'ಪಿ', ತಲೆ ಮೇಲೆ ಗೀಟಿರುವ 'ಎ', ಪೌಂಡ್ ಚಿಹ್ನೆ, 'ಕ್ಯೂ' ಹೀಗೆ ಏನೇನೋ ಆಗಿ ಹೋಗುತ್ತದೆ. ಒಳಗೆ ಇರುವುದು ಅದೇ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿ ನಮಗೆ ತೋರಿಸುತ್ತದೆ. ಗೂಗಲ್ ವೇಷ ನೋಡುವುದಿಲ್ಲ, ಒಳಗಿನ ಅಕ್ಷರ ಓದುತ್ತದೆ. ಜನ ಹುಡುಕುವುದು ಯೂನಿಕೋಡ್ ಕನ್ನಡದಲ್ಲಿ, ಅಂದರೆ ಫೋನ್, ಕಂಪ್ಯೂಟರ್ ಎಲ್ಲವೂ ಕನ್ನಡ ಅಂತಲೇ ಗುರುತಿಸುವ ಅಕ್ಷರದಲ್ಲಿ. ಎರಡೂ ಸೇರುವುದಾದರೂ ಹೇಗೆ?

ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ತಂತ್ರಾಂಶ ಬಳಸಿ ಪೂರ್ತಿ ಬರಹವನ್ನು ಯೂನಿಕೋಡ್‌ಗೆ ತನ್ನಿ, ಖರ್ಚಿಲ್ಲ. ಆಮೇಲೆ ಅರ್ಕಾವೊತ್ತು, ಒತ್ತಕ್ಷರ ಇರುವ ಕಡೆ ಒಮ್ಮೆ ಕಣ್ಣಾಡಿಸಿ, ಅಲ್ಲಿ ತಪ್ಪು ಉಳಿಯುತ್ತದೆ. ದರಪಟ್ಟಿಯನ್ನು ಟೈಪ್ ಮಾಡಿಯೇ ಹಾಕಿ.

ಬೆಂಗಳೂರು ಹುಡುಗ 91:

ಕನ್ನಡದಲ್ಲಿ ಯಾರು ಸಾರ್ ಹುಡುಕ್ತಾರೆ? ಇಂಗ್ಲಿಷ್ ಮಾಡಿಬಿಡಿ. ಕೀವರ್ಡ್ಸ್ ಟ್ಯಾಗ್ ಅಂತ ಪುಟದ ಕೋಡ್ ಒಳಗೆ ಪದಗಳ ಪಟ್ಟಿ ಹಾಕೋ ಜಾಗ ಇರುತ್ತೆ, ಅದರಲ್ಲಿ ಉಪ್ಪಿನಕಾಯಿಯ ಎಲ್ಲ ಹೆಸರನ್ನೂ ತುಂಬಿಸಿ. ಫೋಟೋಗಳನ್ನೂ ಚಿಕ್ಕದು ಮಾಡಿ. ಕ್ಯಾಮೆರಾದಿಂದ ಬಂದ ಹಾಗೇ 5 ಎಂಬಿ ಫೋಟೋ ಹಾಕಿದರೆ ಫೋನ್‌ನಲ್ಲಿ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಹೋಗಿರ್ತಾರೆ.

ಶಿರಸಿ ಪೇಟೆಯವ:

ಫೋಟೋ ವಿಷಯ ಸರಿಯಾಗಿ ಹೇಳಿದಿರಿ. ಗೂಗಲ್ ಈಗ ಸೈಟಿನ ಮೊಬೈಲ್ ರೂಪವನ್ನೇ ಓದುತ್ತದೆ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಅವರು ಇಟ್ಟ ಅಳತೆ. ಆದರೆ ಕೀವರ್ಡ್ಸ್ ಟ್ಯಾಗ್ ಸುಮ್ನೆ ಕೆಲಸ. ಸ್ಥಾನ ಕೊಡುವಾಗ ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಕನ್ನಡದ ಮಾತಿಗೆ ಮಾತ್ರ ನಾನು ಒಪ್ಪುವುದಿಲ್ಲ. ಇಂಗ್ಲಿಷ್‌ನಲ್ಲಿ 'ಮ್ಯಾಂಗೋ ಪಿಕಲ್' ಅಂತ ಹುಡುಕಿದರೆ ದೊಡ್ಡ ದೊಡ್ಡ ಅಂಗಡಿಗಳೆಲ್ಲ ಎದುರಿಗೆ ನಿಲ್ಲುತ್ತವೆ. ಸಾಗರದ ಒಂದು ಮನೆ ಅಲ್ಲಿ ಏಗಬೇಕಾ? 'ಜೀರಿಗೆ ಮಿಡಿ' ಅಂತ ಹುಡುಕುವವರು ಕಡಿಮೆ ಇರಬಹುದು, ಆದರೆ ಅವರಿಗೆ ಏನು ಬೇಕು ಅಂತ ಗೊತ್ತಿದೆ. ಊರು ಬಿಟ್ಟು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರುವವರು ಇದೇ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಾರೆ. ಹಾಗಾಗಿ ಪುಟದ ಶೀರ್ಷಿಕೆಯಲ್ಲಿ ಕನ್ನಡ ಅಕ್ಷರ, ಇಂಗ್ಲಿಷ್ ಅಕ್ಷರ ಎರಡೂ ಇರಲಿ. ಈಗ ನಿಮ್ಮ ಪುಟಗಳ ಶೀರ್ಷಿಕೆ ಬಹುಶಃ 'ಹೋಮ್', 'ಪ್ರಾಡಕ್ಟ್ಸ್' ಅಂತಲೇ ಇರುತ್ತದೆ. 'ಜೀರಿಗೆ ಮಿಡಿ ಉಪ್ಪಿನಕಾಯಿ, ಸಾಗರ' ಅಂತ ಇರಬೇಕು, ಪಕ್ಕದಲ್ಲೇ ಅದೇ ಹೆಸರು ಇಂಗ್ಲಿಷ್ ಅಕ್ಷರದಲ್ಲಿ.

ಇನ್ನು ಬರಹ. ಉಪ್ಪಿನಕಾಯಿ ಸೈಟು ಯಾವುದು ತೆರೆದರೂ 'ಅಜ್ಜಿಯ ಕೈರುಚಿ, ಸಾಂಪ್ರದಾಯಿಕ ವಿಧಾನ'. ಇದನ್ನು ಓದಿ ಗೂಗಲ್‌ಗೆ ಏನು ಗೊತ್ತಾಗಬೇಕು, ಗಿರಾಕಿಗೆ ಏನು ಗೊತ್ತಾಗಬೇಕು? ಅಮ್ಮನ ಹತ್ತಿರ ಕೂತು ಕೇಳಿ ಬರೆಯಿರಿ. ಮಿಡಿಗೆ ತೊಟ್ಟು ಯಾಕೆ ಬಿಡುತ್ತಾರೆ? ಸೊನೆ ಹೋದರೆ ಪರಿಮಳವೂ ಹೋಯಿತು ಅಂತ ಅವರೇ ಹೇಳುತ್ತಾರೆ. ಉಪ್ಪಿನಲ್ಲಿ ಹಾಕಿದ ಮಿಡಿ ಎಷ್ಟು ಚಿರುಟಿದರೆ ಸಾಸಿವೆ ಖಾರ ಬೆರೆಸುತ್ತಾರೆ? ಜೀರಿಗೆ ಮಿಡಿ ಮುರಿದಾಗ ಬರುವ ವಾಸನೆಗೂ ಬೇರೆ ಅಪ್ಪೆಗೂ ಏನು ವ್ಯತ್ಯಾಸ? ಮೇಲೆ ಬಿಳಿ ಪದರ ಬಂದರೆ ಏನು ಮಾಡಬೇಕು? ಗಿರಾಕಿಗಳು ಫೋನಿನಲ್ಲಿ ಕೇಳುವ ಪ್ರಶ್ನೆಗಳು ಇವೇ ಅಲ್ವಾ? ಅವನ್ನೇ ಗೂಗಲ್‌ನಲ್ಲೂ ಕೇಳುತ್ತಾರೆ. ಒಂದೊಂದು ತಳಿಗೆ ಒಂದೊಂದು ಪುಟ ಮಾಡಿ, ಮಾರ್ಚ್‌ನಲ್ಲಿ ಮಿಡಿ ಬರುವ ಮೊದಲೇ ಮುಗಿಸಿ. ಗೂಗಲ್ ಓದಿ ಸೇರಿಸಿಕೊಳ್ಳಲು ಸಮಯ ಬೇಕು.

ಸೈಟ್ ಮಾಲೀಕರಿಗೆ ಅಂತ ಗೂಗಲ್ ಇಟ್ಟಿರುವ ಸರ್ಚ್ ಕನ್ಸೋಲ್‌ನಲ್ಲಿ ಸೈಟು ನೋಂದಾಯಿಸಿ, ಸೈಟ್‌ಮ್ಯಾಪ್ (ನಿಮ್ಮ ಪುಟಗಳ ಪಟ್ಟಿ) ಕೊಡಿ. ಅದು ಉಚಿತ. ಯಾವ ಪದಕ್ಕೆ ಎಷ್ಟು ಸಲ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಲ್ಲ ಅಲ್ಲಿ ಸಿಗುತ್ತದೆ.

ಸಾಗರದ ಮಗಳು:

ಅಣ್ಣಾ, ದೊಡ್ಡಪ್ಪನಿಗೆ ಕಳಿಸಿ ನೋಡಿದೆ. ಬರೀ ಪೌಂಡ್ ಚಿಹ್ನೆ! ಫೋನ್ ಮಾಡಿದವರಿಗೆ ಬೇಡ ಅಂದಿದ್ದೇವೆ. ಇನ್ನೊಂದು ಪ್ರಶ್ನೆ. ಬರಹ ಬದಲಿಸುವಾಗ ಪುಟಗಳ ವಿಳಾಸವನ್ನೂ ಕನ್ನಡಕ್ಕೆ ಬದಲಿಸಬೇಕಾ? ಅಂಗಡಿಯನ್ನು ಮ್ಯಾಪ್‌ನಲ್ಲಿ ಹಾಕಿದರೆ ಉಪಯೋಗ ಇದೆಯಾ?

ಶಿರಸಿ ಪೇಟೆಯವ:

ಇರುವ ವಿಳಾಸ ಹಾಗೇ ಬಿಡಿ. ಕನ್ನಡ ವಿಳಾಸವನ್ನು ಗೂಗಲ್ ಓದುತ್ತದೆ, ಆದರೆ ಕಾಪಿ ಮಾಡಿ ಕಳಿಸಿದಾಗ ಶೇಕಡಾ ಚಿಹ್ನೆಗಳ ಉದ್ದ ಸಾಲಾಗಿಬಿಡುತ್ತದೆ. ಬದಲಿಸಲೇಬೇಕಾದರೆ ಹಳೆಯ ವಿಳಾಸಕ್ಕೆ ಬಂದವರನ್ನು ತಾನಾಗಿ ಹೊಸದಕ್ಕೆ ಕಳಿಸುವ 301 ರೀಡೈರೆಕ್ಟ್ ಹಾಕಿಸಿ. ಇಲ್ಲದಿದ್ದರೆ ಹಳೆ ಲಿಂಕ್ ಒತ್ತಿದವರಿಗೆ 'ಪುಟ ಇಲ್ಲ' ಅಂತ ಬರುತ್ತದೆ. ಮ್ಯಾಪ್‌ನಲ್ಲಿ ಖಂಡಿತ ಹಾಕಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಅಂತ ಇದೆ, ಅದೂ ಉಚಿತ. ಮನೆಗೆ ಬಂದು ಕೊಳ್ಳುವವರು ಇದ್ದರೆ ವಿಳಾಸ, ಸಮಯ, ಫೋನ್ ನಂಬರ್ ಸೈಟಿನಲ್ಲಿ ಇರುವ ಹಾಗೆಯೇ ಅಲ್ಲೂ ಇರಲಿ. ಜೋಗ ನೋಡಲು ಬರುವವರು ದಾರಿಯಲ್ಲಿ ಹುಡುಕುವುದು ಜಾಸ್ತಿ ಮ್ಯಾಪ್‌ನಲ್ಲೇ.