ಅವ್ವಗ ದಮ್ಮು, ಮೂಗಿನಾಗ ದುರ್ಮಾಂಸ: ಮಕ್ಕಳಿಗೂ ಬರ್ತದೇನು?

ಪ್ರಶ್ನೆ, ಸೇಡಂ: ಅವ್ವಗ ದಮ್ಮು ಅದ. ಮೂಗಿನಾಗಿನ ದುರ್ಮಾಂಸ ಎರಡ್ ಸಲ ತೆಗೆಸಿದ್ರೂ ಮತ್ತ ಬೆಳೆದದ. ನನಗೂ ದಮ್ಮು. ಆರು ವರ್ಷದ ಮಗನ ಮೂಗು ಯಾವಾಗ್ಲೂ ಕಟ್ಟಿರ್ತದ. ಇದು ವಂಶದಾಗ ಬರೋದೇನ್ರಿ? ಏನು ತಪಾಸಣೆ ಮಾಡಿಸ್ಬೇಕು?

ಕಲಬುರಗಿ, ಕಿವಿ-ಮೂಗು-ಗಂಟಲು: ವಂಶದ ಪಾಲು ಇದೆ. ತಂದೆತಾಯಿಗೋ ಒಡಹುಟ್ಟಿದವರಿಗೋ ಇದ್ದರೆ ಬರುವ ಸಾಧ್ಯತೆ ಹೆಚ್ಚು. ಆದರೆ ಬಳುವಳಿಯಾಗಿ ಬರುವುದು ದುರ್ಮಾಂಸವಲ್ಲ, ಒಳಪೊರೆ ಊದಿಕೊಳ್ಳುವ ಗುಣ. ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣ ಕೆರಳಿದರೆ ಕೆಳಗೆ ಶ್ವಾಸನಾಳದಲ್ಲಿ ದಮ್ಮು, ಮೇಲೆ ಮೂಗಿನಲ್ಲಿ ದುರ್ಮಾಂಸ. ಹಿಂದೆ ಹಲವು ಜೀನುಗಳ ಕೈವಾಡ. ಎಎಲ್‌ಒಎಕ್ಸ್15 ಎಂಬ ಜೀನು ಕೆಟ್ಟಿದ್ದವರಿಗೆ ದುರ್ಮಾಂಸ ತೀರ ಕಡಿಮೆ ಎಂದು 2019ರಲ್ಲಿ ಐಸ್‌ಲ್ಯಾಂಡಿನವರು ತೋರಿಸಿದರು. ಕೆಟ್ಟರೂ ಲಾಭವಾಗುವ ಜೀನು ಅಪರೂಪ! ನೀವು ಜೀನ್ ಪರೀಕ್ಷೆಗೆ ದುಡ್ಡು ಸುರಿಯಬೇಡಿ, ಅದರಿಂದ ಚಿಕಿತ್ಸೆ ಬದಲಾಗದು. ವಾಸನೆ ತಿಳಿಯದಿದ್ದರೆ ಎಂಡೋಸ್ಕೋಪಿ (ಕ್ಯಾಮೆರಾ ಇರುವ ಸಣ್ಣ ಕೊಳವೆಯಿಂದ ಮೂಗಿನೊಳಗೆ ನೋಡುವುದು) ಮಾಡಿಸಿ. ಒಂದೇ ಹೊಳ್ಳೆ ಕಟ್ಟಿ ರಕ್ತ ಬಂದರೆ ಅದು ಬೇರೆ ಕಾಯಿಲೆ ಇರಬಹುದು, ತಡ ಮಾಡಬೇಡಿ.

ಕಲಬುರಗಿ, ಮಕ್ಕಳ ವಿಭಾಗ: ಮಗನ ಲೆಕ್ಕ ಬೇರೆ. ಈ ವಯಸ್ಸಿನಲ್ಲಿ ಮೂಗು ಕಟ್ಟುವುದು ಹೆಚ್ಚಾಗಿ ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಊತ ಅಥವಾ ಅಲರ್ಜಿಯಿಂದ. ನಿಜಕ್ಕೂ ದುರ್ಮಾಂಸ ಕಂಡರೆ ಮಾತ್ರ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶ, ಜೀರ್ಣಾಂಗಗಳಲ್ಲಿ ಲೋಳೆ ಗಟ್ಟಿಯಾಗುವ ವಂಶದ ಕಾಯಿಲೆ) ಇದೆಯೇ ಎಂದು ಬೆವರಿನ ಪರೀಕ್ಷೆ ಮಾಡಿಸಲೇಬೇಕು. ಬೆವರಿನ ಉಪ್ಪಿನಂಶವಾದ ಕ್ಲೋರೈಡ್ ಲೀಟರಿಗೆ 60 ಮಿಲಿಮೋಲ್ ಮುಟ್ಟಿದರೆ ಕಾಯಿಲೆ ಎಂದೇ ಹಿಡಿಯುತ್ತಾರೆ; 30ರೊಳಗೆ ಇದ್ದರೆ ಬಹುಮಟ್ಟಿಗೆ ಇಲ್ಲ. ತೂಕ ಏರದಿರುವುದು, ಜಿಡ್ಡಿನ ಮಲ, ಮುತ್ತಿಟ್ಟರೆ ಉಪ್ಪುಪ್ಪು ಚರ್ಮ, ಇವನ್ನೂ ಹೇಳಿ. ಈ ಕಾಯಿಲೆ ಬರಲು ತಂದೆತಾಯಿ ಇಬ್ಬರಿಂದಲೂ ಕೆಟ್ಟ ಜೀನು ಬರಬೇಕು. ಇಬ್ಬರೂ ವಾಹಕರಾದರೆ (ಕಾಯಿಲೆ ಇಲ್ಲದೆ ಒಂದು ಕೆಟ್ಟ ಜೀನು ಹೊತ್ತವರಾದರೆ) ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಅಪಾಯ. ಹಾಗಾಗಿ ಸೋದರಮಾವ, ಅತ್ತೆಮಗನ ಸಂಬಂಧದ ಮದುವೆಯಾಗಿದ್ದರೆ ಮುಚ್ಚಿಡಬೇಡಿ. ಈ ಕಾಯಿಲೆಗೆ ಜೀನ್ ಪರೀಕ್ಷೆ ಬೇಕಾದಾಗ ಅದರ ಇಡೀ ಜೀನನ್ನೇ ಓದಿಸಿ. ಯುರೋಪಿನವರಲ್ಲಿ ಸಾಮಾನ್ಯವಾದ ನಾಲ್ಕಾರು ದೋಷಗಳನ್ನಷ್ಟೇ ಹುಡುಕುವ ಪರೀಕ್ಷೆ ನಮ್ಮವರಲ್ಲಿ ಎಷ್ಟೋ ಸಲ ತಪ್ಪಿಸಿಬಿಡುತ್ತದೆ.

ಬೀದರ್, ಔಷಧಿ ಅಂಗಡಿ: ಅವ್ವನವರ ಮೈಕೈ ನೋವಿಗೆ ಯಾವ ಗುಳಿಗಿ ಕೊಡ್ತೀರಿ? ದಮ್ಮು, ದುರ್ಮಾಂಸ ಎರಡೂ ಇದ್ದವರೊಳಗ ಕೆಲವರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಆಗಂಗಿಲ್ಲ. ಅರ್ಧ ತಾಸಿನಿಂದ ಮೂರು ತಾಸಿನೊಳಗ ಮೂಗು ಸೋರಿ, ಕಣ್ಣು ಕೆಂಪಾಗಿ, ದಮ್ಮು ಏರ್ತದ. ಇದು ಸಾಮಾನ್ಯವಾಗಿ ವಂಶದಿಂದ ಬರಂಗಿಲ್ಲ, ನಡುವಯಸ್ಸಿನಾಗ ಶುರುವಾಗ್ತದ. ಮನ್ಯಾಗ ನುಂಗಿಸಿ ಪರೀಕ್ಷೆ ಮಾಡಬ್ಯಾಡ್ರಿ. ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಹೆಚ್ಚಿನವರಿಗೆ ತಡಿತದ.

ಯಾದಗಿರಿ: ಆಪರೇಷನ್ ದುರ್ಮಾಂಸ ತೆಗಿತದ, ಊದೋ ಗುಣ ತೆಗಿಯಂಗಿಲ್ಲ. ಅದಕ್ಕ ಡಾಕ್ಟರ್ ಕೊಟ್ಟ ಮೂಗಿನ ಸ್ಟೆರಾಯ್ಡ್ ಸ್ಪ್ರೇ ನಿಲ್ಲಿಸಿದವರಿಗೆ ಬೇಗ ಮರಳ್ತದ. ಕುದಿಸಿ ಆರಿಸಿದ 240 ಮಿ.ಲೀ. ನೀರಿಗೆ ಅರ್ಧ ಟೀ ಚಮಚ ಅಯೋಡಿನ್ ಇಲ್ಲದ ಉಪ್ಪು, ಚಿಟಿಕಿ ಅಡುಗಿ ಸೋಡಾ ಹಾಕಿ ಮೂಗು ತೊಳಕೊಂಡು, ಸ್ವಲ್ಪ ಹೊತ್ತು ಬಿಟ್ಟು ಸ್ಪ್ರೇ. ಬೋರಿನ ನೀರು ಕುದಿಸ್ದೆ ಹಂಗೇ ಬಳಸಬ್ಯಾಡ್ರಿ. ತಲಿ ಮುಂದ ಬಾಗಿಸಿ, ಬಲಗೈಲೆ ಎಡ ಹೊಳ್ಳಿಗೆ ಸ್ಪ್ರೇ ಹೊಡೀರಿ, ತುದಿ ಕಿವಿ ಕಡಿಗೆ ಇರಬೇಕು. ನಡುಗೋಡಿಗೆ ಹೊಡೆದ್ರ ರಕ್ತ ಬರ್ತದ, ಜೋರಾಗಿ ಎಳದ್ರ ಔಷಧಿ ಗಂಟಲಿಗೆ ಇಳಿತದ. ತೊಗರಿ ರಾಶಿ ಮಾಡೋ ದಿನಗಳಾಗ ಮಾಸ್ಕ್ ಹಾಕೊಂಡೇ ಹೊಲಕ್ಕ ಹೋಗ್ರಿ, ಇನ್ಹೇಲರ್ ಕಿಸೆದಾಗ ಇರ್ಲಿ.