ಗದಗ ಜಿಲ್ಲೆಯ ಮಾಗಡಿ ಕೆರಿ ನೋಡಾಕ ಮೇ ತಿಂಗಳಾಗ ಬಂದ್ರು, ವೆಬ್‌ಸೈಟ್‌ನ್ಯಾಗಿನ ಇಂಥಾ ತಪ್ಪು ಸರಿ ಮಾಡ್ಸೋದು ಹೆಂಗ್ರಿ?

ಗದಗ ಟ್ಯಾಕ್ಸಿ:
ಎಲ್ಲಾರಿಗೂ ನಮಸ್ಕಾರ್ರಿ. ನಾನು ಗದಗದಾಗ ಟ್ಯಾಕ್ಸಿ ಓಡಸ್ತೀನಿ, ಸ್ಟೇಷನ್‌ನಿಂದ ಲಕ್ಕುಂಡಿ, ಡಂಬಳ, ಕಪ್ಪತಗುಡ್ಡ ಅಂತ ಮಂದೀನ ಕರ್ಕೊಂಡು ತಿರುಗೋದ ನನ್ನ ಕೆಲಸ. ಹ್ವಾದ ಮೇ ತಿಂಗಳಾಗ ಬೆಂಗಳೂರಿಂದ ಗಂಡ ಹೆಂಡ್ತಿ ಬಂದಿದ್ರು, ಜೋಡಿ ಎಂಟೊಂಬತ್ತು ವರ್ಷದ ಮಗಳು, ಕೊಳ್ಳಾಗ ದುರ್ಬೀನು ಹಾಕ್ಕೊಂಡಿದ್ಲು. ಲಕ್ಕುಂಡಿ ಮುಗಿದ ಮ್ಯಾಲ ಮಾಗಡಿ ಕೆರಿಗೆ ನಡೀರಿ ಅಂದ್ರು. ಈಗ ಹಕ್ಕಿ ಇರಂಗಿಲ್ರಿ ಸರ, ಅವು ನವೆಂಬರ್‌ದಾಗ ಬಂದು ಮಾರ್ಚ್ ಅನ್ನೋದ್ರಾಗ ಹೊಳ್ಳಿ ಹೋಗ್ತಾವು ಅಂತ ಹೇಳಿದೆ. ಅವರು ಫೋನ್ ತೋರ್ಸಿ "ಗವರ್ನಮೆಂಟ್ ಸೈಟಲ್ಲೇ ಇದೆಯಲ್ಲಾ" ಅಂದ್ರು. ಖರೇನ ಇತ್ತು, ನೀರಿನ ತುಂಬ ಪಟ್ಟೆತಲೆ ಹೆಬ್ಬಾತು, ಭಾಳ ಚಂದ ಫೋಟೋ, ಆದ್ರ ಯಾವ ತಿಂಗಳಾಗ ಬರ್ತಾವು ಅನ್ನೋದು ಒಂದ ಸಾಲೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಈ ರಸ್ತೆ ಮ್ಯಾಲ ಓಡಾಡೋ ನನ್ನ ಮಾತಿಗಿಂತ ಆ ಫೋಟೋ ಹೆಚ್ಚಾತು, ಅದ್ರಾಗ ಅವರ ತಪ್ಪೇನಿಲ್ಲ, ಸರ್ಕಾರದ ಮಾತು ಅಂದ್ರ ಯಾರಾದ್ರೂ ನಂಬತಾರ.

ಹೋದ್ವಿ. ನೀರು ಹಿಂದ ಸರದು ದಂಡಿ ಕಡೆ ರಾಡಿ ಒಣಗಿ ಬಿರಿದಿತ್ತು. ಆ ಹುಡುಗಿ ಅಷ್ಟು ಬಿಸಲಾಗ ದುರ್ಬೀನು ಕಣ್ಣಿಗೆ ಹಿಡ್ಕೊಂಡು ಈ ಕಡಿಂದ ಆ ಕಡಿಗೆ ನೋಡಿದ್ದ ನೋಡಿದ್ದು, "ಅಂಕಲ್ ಎಲ್ಲಿ ಹೋದ್ವು" ಅಂತ ಕೇಳಿದ್ಲು. ಹಿಮಾಲಯ ದಾಟಿ ಮಂಗೋಲಿಯಾ ಕಡೆ ಹೋಗ್ಯಾವವ್ವಾ ಅಂದೆ, ಹೊಟ್ಟ್ಯಾಗ ಕಲಸಿದಂಗಾತು. ಅವತ್ತ ರಾತ್ರಿ ಅವರಪ್ಪ ಮ್ಯಾಪ್‌ನ್ಯಾಗ ಒಂದ ಸ್ಟಾರ್ ಕೊಟ್ಟು "ಒಣಗಿದ ಕೆರೆ, ಟೈಮ್ ವೇಸ್ಟ್" ಅಂತ ಬರದು ಹೋದ್ರು. 2024ರ ಜನವರಿಯೊಳಗ ರಾಮ್ಸಾರ್ ಪಟ್ಟಿಗೆ, ಅಂದ್ರ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಕೆರಿ ಇದು, ಈಗ ಯಾರರ ಹುಡುಕಿದ್ರ ಮೊದಲ ಆ ರಿವ್ಯೂ ಕಾಣ್ತೈತಿ.

ಇನ್ನ ಬ್ಯಾಸಗಿ ಬಂದ್ರ ಗದಗ ಅಂದ್ರ ರೀಲ್ಸ್ ತುಂಬ ಖಾಲಿ ಕೊಡದ ಸಾಲು. ನೀರಿನ ತ್ರಾಸು ಇಲ್ಲಂತ ನಾ ಹೇಳಂಗಿಲ್ಲ, ಐತಿ, ತೋರಸ್ಲಿ. ಆದ್ರ ಹೊರಗಿನವ್ರಿಗೆ ಅದೊಂದ ಗದಗ ಆಗಬಾರದಲ್ರಿ, 1905ರಾಗ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಇಲ್ಲೇ ಮಗ್ಗಲಕ ಐತಿ, ಅದರ ಹೆಸರು ಗಾಡಿ ಹತ್ತಿದವ್ರೊಳಗ ಒಬ್ರೂ ಕೇಳಿರಂಗಿಲ್ಲ. ಸೈಟ್‌ನ್ಯಾಗಿಂದು ಸರಿ ಮಾಡ್ಸಾಕ ಯಾರಿಗೆ ಹೇಳ್ಬೇಕು, ನಮ್ಮಂಥವ್ರು ಬರದ್ರ ಕೇಳ್ತಾರೇನು?

ಹಾವೇರಿ ಹುಡುಗ:
ಫಾಲೋ ಮಾಡಾಕತ್ತೀನಿ ಅಣ್ಣಾ, ನಮ್ಮ ಕಡೇದೂ ಇದ ಕಥಿ.

ಉಣಕಲ್ ಕಡಿಯವ:
ಅಣ್ಣಾರ, ನಮ್ಮ ಹುಬ್ಬಳ್ಳಿ ನೋಡ್ರಿ. 2023ರ ಮಾರ್ಚ್‌ದಾಗ 1507 ಮೀಟರ್ ಪ್ಲಾಟ್‌ಫಾರ್ಮ್ ಉದ್ಘಾಟನಾ ಆತು, ಜಗತ್ತಿನಾಗ ಉದ್ದಂದು ಅಂತ ಸರ್ಕಾರದವ್ರು ಒಂದ ಅಂಕಿ ಹಿಡ್ಕೊಂಡು ಎಲ್ಲಾ ಕಡೆ ಹಾಕಿದ್ರು, ಮಂದಿ ರೀಲ್ಸ್ ಮಾಡಿದ್ರು, ಈಗ ಹುಬ್ಬಳ್ಳಿಗೆ ಇಳದವ್ರು ಮೊದಲ ಅದನ್ನ ಕೇಳ್ತಾರ. ಪಕ್ಕಾ ಮಾಹಿತಿ ಒಂದು ಸಾಲಿದ್ರೂ ಹಂಗ ಓಡತೈತಿ. ಆದ್ರ ಬೆಂಗೇರಿ ಖಾದಿ ಸಂಘದಾಗ ಹೆಣ್ಮಕ್ಕಳು ಕುಂತು ರಾಷ್ಟ್ರಧ್ವಜ ಹೊಲಿತಾರಲ್ಲ, ಅದು ಆಗಸ್ಟ್‌ದಾಗ ನಾಲ್ಕು ದಿನ ಸುದ್ದಿ ಆಗಿ ಮುಂದ ಕಾಣಂಗಿಲ್ಲ, ನನಗ ಅದ ಹೆಚ್ಚು ಅಭಿಮಾನ. ಇನ್ನೊಂದು, 2014ರ ನವೆಂಬರ್ 1ಕ್ಕ ಹುಬ್ಲಿ ಹೋಗಿ ಹುಬ್ಬಳ್ಳಿ ಆತು, ಆದ್ರ ಹಳೇ ಪೇಜ್‌ಗಳೊಳಗ ಇಂಗ್ಲಿಷಿನ್ಯಾಗ ಇನ್ನೂ ಹುಬ್ಲಿ ಅಂತನ ಉಳದೈತಿ, ಒಂದು ಹೆಸರು ಹಾಕಿ ಹುಡುಕಿದ್ರ ಒಂದಿಷ್ಟು, ಇನ್ನೊಂದು ಹಾಕಿದ್ರ ಬ್ಯಾರೆ ಒಂದಿಷ್ಟು ಸಿಗತೈತಿ.

ಆಪರೇಟರ್ ಧಾರವಾಡ:
ನಾನು ಒಂದು ಆಫೀಸಿನ್ಯಾಗ ಡಾಟಾ ಎಂಟ್ರಿ ಮಾಡೀನಿ, ಒಳಗಿನ ಮಾತು ಹೇಳ್ತೀನಿ. ಜಿಲ್ಲಾ ವೆಬ್‌ಸೈಟಿನ ಚೌಕಟ್ಟು ಎನ್ಐಸಿ ಅಂದ್ರ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯವ್ರು ಕೊಟ್ಟಿದ್ದು, ಅದ್ಕ ಎಲ್ಲಾ ಜಿಲ್ಲೇದೂ ಒಂದ ನಮೂನಿ ಕಾಣ್ತಾವು, ಒಳಗಿನ ಮಾಹಿತಿ ಮಾತ್ರ ಆಯಾ ಇಲಾಖೆಯವ್ರ ಕಳಸ್ಬೇಕು. ಅವರು ಕಳಸ್ಲಿಲ್ಲಂದ್ರ ಹಳೇದ ಇರತೈತಿ, ಸಾಹೇಬ್ರು ಟ್ರಾನ್ಸ್‌ಫರ್ ಆದ್ರ ಹೊಸಬ್ರಿಗೆ ಆ ಪೇಜ್ ಐತಿ ಅನ್ನೋದೂ ಗೊತ್ತಿರಂಗಿಲ್ಲ. ಕೆಳಗ ಕೊನೆಯ ನವೀಕರಣ ಅಂತ ತಾರೀಖು ಇರತೈತಲ್ಲ, ಅದನ್ನ ನೋಡಿ ಮೋಸ ಹೋಗಬ್ಯಾಡ್ರಿ, ಎಲ್ಲೋ ಒಂದು ಟೆಂಡರ್ ಏರಿಸಿದ್ರೂ ಅದು ಬದಲಾಗತೈತಿ. ಕನ್ನಡ ಪೇಜು, ಇಂಗ್ಲಿಷ್ ಪೇಜು ಬ್ಯಾರೆ ಬ್ಯಾರೆ ತುಂಬ್ಬೇಕು, ಒಂದ್ರಾಗ ಸರಿ ಮಾಡಿದ್ರ ಇನ್ನೊಂದ್ರಾಗ ತಪ್ಪು ಹಂಗ ಉಳೀತೈತಿ. ಹಳೇ ನುಡಿ ಫಾಂಟಿನ ಪಿಡಿಎಫ್, ಸ್ಕ್ಯಾನ್ ಮಾಡಿದ ಪ್ರಕಟಣಾ ಇವು ಹುಡುಕಿದ್ರೂ ಸಿಗಂಗಿಲ್ಲ, ಅಂದ್ಮ್ಯಾಲ ಮಂದಿ ರೀಲ್ಸ್ ನಂಬದ ಏನ್ ಮಾಡ್ತಾರ.

ಬರಿಯೋ ಮುಂದ ಬರೇ "ಸರಿ ಮಾಡ್ರಿ" ಅನ್ನಬ್ಯಾಡ್ರಿ. ಆ ಪೇಜಿನ ಲಿಂಕ್, ಸ್ಕ್ರೀನ್‌ಶಾಟ್, ಏನು ಸೇರಿಸ್ಬೇಕೋ ಆ ಸಾಲನ್ನ ಎರಡೂ ಭಾಷೆಯೊಳಗ ನೀವ ಬರದು ಕಳಸ್ರಿ, ಸಾಹೇಬ್ರು ಹೂಂ ಅಂದ್ರ ನಮ್ಮಂಥವ್ರು ಐದು ನಿಮಿಷದಾಗ ಹಾಕ್ತೀವಿ. ಉತ್ತರ ಬರಲಿಲ್ಲಂದ್ರ ರಾಜ್ಯ ಸರ್ಕಾರದ ದೂರಿನ ಸಹಾಯವಾಣಿ ಜನಸ್ಪಂದನ 1902ಕ್ಕ ಫೋನ್ ಹಚ್ಚಿ ದೂರಿನ ನಂಬರ್ ಬರಕೋರಿ. ಮಾಹಿತಿ ಹಕ್ಕು ಕಾಯ್ದೆ 4(1)(ಬಿ) ಪ್ರಕಾರ ಅಧಿಕಾರಿಗಳ ಹೆಸರು, ಕೆಲಸ, ಹೊಣಿ ಎಲ್ಲಾ ಇಲಾಖೆಯವ್ರ ತಾವಾಗೇ ಹಾಕಿ ವರ್ಷಾ ಅಪ್‌ಡೇಟ್ ಮಾಡ್ಬೇಕು, ಅದು ಕಾನೂನು. ಹಕ್ಕಿ ಬರೋ ತಿಂಗಳು ಅದ್ರಾಗ ಬರಂಗಿಲ್ಲ, ಅದಕ್ಕ ಮನವಿನ ದಾರಿ.

ಲಕ್ಕುಂಡಿ ಟೀಚರ್:
ತಮ್ಮಾ, ನಿನ್ನ ಸಂಕಟ ಗೊತ್ತಾತು, ಆದ್ರ ಹೊರಗಿನವ್ರು ಏನ್ ತಿಳ್ಕೊಂಡಾರು ಅನ್ನೋದಕ್ಕಿಂತ ನಮ್ಮ ಹುಡುಗ್ರು ಏನ್ ತಿಳ್ಕೊಳ್ಳಾಕತ್ತಾರ ಅನ್ನೋದು ನನಗ ದೊಡ್ಡ ಚಿಂತಿ. ನಮ್ಮೂರ ಗುಡಿ ಬಗ್ಗೆ ಹತ್ತು ಸಾಲು ಬರ್ಕೊಂಡ್ ಬರ್ರಿ ಅಂದಿದ್ದೆ. ಒಬ್ಬ ಹುಡುಗ ಬ್ರಹ್ಮ ಜಿನಾಲಯ ಶಿವನ ಗುಡಿ ಅಂತ ಬರದಿದ್ದ, ಅದರ ಬಾಜೂಕ ಇವರ ಮನಿ ಐತಿ. ಕೇಳಿದ್ರ ರೀಲ್ಸ್‌ನ್ಯಾಗ ಹಂಗ ಅಂದಾರ ಟೀಚರ್ ಅಂದ. ನೋಟ್‌ಬುಕ್ ಬಿಟ್ಟು ಅವನ್ನೆಲ್ಲಾ ಗುಡಿಗೆ ಕರ್ಕೊಂಡು ಹೋಗಿ ಒಳಗಿನ ತೀರ್ಥಂಕರ ಮೂರ್ತಿ ಮುಂದ ನಿಂದ್ರಸಿ, ದಾನಚಿಂತಾಮಣಿ ಅತ್ತಿಮಬ್ಬಿ ಕಟ್ಟಿಸಿದ್ದು ಇದು, 1007ನೇ ಇಸವಿ ಶಾಸನ ಐತಿ ಅಂತ ಹೇಳಿದೆ. ನೀನೂ ಗಾಡಿಯೊಳಗ ಬಂದವ್ರಿಗೆ ಇದನ್ನ ಹೇಳು, ನಮ್ಮೂರ ಹಳೇ ಮೆಟ್ಟಲ ಬಾವಿ ಐತಲ್ಲ, ಮುಸುಕಿನ ಬಾವಿ, ಅಲ್ಲಿ ಬಂದವ್ರು ರೀಲ್ಸ್ ಸಲುವಾಗಿ ಮೆಟ್ಟಲದ ಗೂಡಿನ್ಯಾಗ ಹತ್ತಿ ಕುಂದ್ರತಾರ, ಅದನ್ನೂ ಬ್ಯಾಡನ್ನು. ಹೆಸರು ಬಂದಂಗ ಗದ್ದಲಾನೂ ಬರತೈತಿ, ನೋಡ್ಕೊಳ್ಳೋ ತಯಾರಿ ಮೊದಲ ಇರ್ಬೇಕು.

ಗದಗ ಟ್ಯಾಕ್ಸಿ:
ಅಕ್ಕಾರ, ಸರ, ಭಾಳ ಉಪಕಾರ ಆತು. ರಾತ್ರಿ ಕುಂತು ಬರದೀನಿ: "ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲದಲ್ಲಿ ಬರುತ್ತವೆ. ನೋಡಲು ನವೆಂಬರ್‌ನಿಂದ ಫೆಬ್ರವರಿ ಸರಿಯಾದ ಸಮಯ. ಬೇಸಿಗೆಯಲ್ಲಿ ಇವು ಇರುವುದಿಲ್ಲ, ಕೆರೆಯ ನೀರು ಕಡಿಮೆಯಾಗುತ್ತದೆ." ಆ ರಿವ್ಯೂ ಕೆಳಗೂ ಇದನ್ನ ಹಾಕ್ತೀನಿ. ಹುಡುಗಿ ಅಪ್ಪಗ ಫೋನ್ ಮಾಡಿದ್ದೆ, ಡಿಸೆಂಬರ್ ರಜಾಕ್ಕ ಬರ್ತೀವಿ ಅಂದಾರ. ಇಂಗ್ಲಿಷಿಂದು ನನಗ ಬರಂಗಿಲ್ಲ, ಅಕ್ಕಾರ ನೀವು ಬರದು ಕೊಟ್ರ ನಾಳೆ ಸಂಜಿ ಎರಡೂ ಕೂಡಿಸಿ ಕಳಸ್ತೀನಿ.